ಯಾರ ತಲೆಗೆ ಯಾರ ಅಳತೆ

ತಲೆಯ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದರೆ ಎಡಗಡೆ ಕಾಣುವುದು ರೋಗಿಯ ಬಲಗಡೆ. ಮಲಗಿದವರ ಕಾಲ ಬಳಿ ನಿಂತು ತಲೆಯ ಕಡೆ ನೋಡಿದಂತೆ ಚಿತ್ರ ಕೂರಿಸುವುದು ರೇಡಿಯಾಲಜಿಯವರ ಪದ್ಧತಿ. ಸರಿ, ಒಪ್ಪೋಣ. ಆದರೆ ಮಿದುಳಿನ ಸಂಶೋಧಕರು ಬಳಸುವ ಕೆಲವು ಸಾಫ್ಟ್‌ವೇರ್‌ಗಳು ಎಡವನ್ನು ಎಡಕ್ಕೇ ಇಡುತ್ತವೆ. ಮಿದುಳಿನ ಎರಡು ಪಾಲೂ ನೋಡಲು ಹೆಚ್ಚುಕಡಿಮೆ ಒಂದೇ. ಹೀಗಾಗಿ ಕಡತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಎಡಬಲ ಅದಲುಬದಲಾದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆಂದೇ ಕೆಲವು ಸಂಶೋಧಕರು ಎಂಆರ್‌ಐ ಯಂತ್ರದೊಳಕ್ಕೆ ಕಳಿಸುವ ಮುಂಚೆ ತಲೆಯ ಒಂದು ಪಕ್ಕಕ್ಕೆ ವಿಟಮಿನ್ ಇ ಗುಳಿಗೆ ಅಂಟಿಸುತ್ತಾರೆ. ಎಣ್ಣೆ ತುಂಬಿದ ಗುಳಿಗೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಬಲಗಡೆ ಯಾವುದೆಂದು ತೋರಿಸಲು ಔಷಧಿ ಅಂಗಡಿಯ ಒಂದು ಗುಳಿಗೆ!

*

ಕೊಯಮತ್ತೂರಿನ ಆಸ್ಪತ್ರೆಗಳಿಗೆ ತಿರುಪ್ಪೂರು, ಪೊಳ್ಳಾಚಿಯವರಷ್ಟೇ ಅಲ್ಲ, ದಿಂಬಂ ಘಾಟಿಯ 27 ತಿರುವು ಇಳಿದು ಚಾಮರಾಜನಗರದ ಕಡೆಯವರೂ ಬರುತ್ತಾರೆ. ಎಲ್ಲರ ಕಂಕುಳಲ್ಲೂ ಅದೇ ದೊಡ್ಡ ಕವರು. ಒಳಗಿರುವ ಫಿಲ್ಮೇ ಸ್ಕ್ಯಾನ್ ಎಂದು ನಾನೂ ಎಲ್ಲರಂತೆ ತಿಳಿದಿದ್ದೆ.

ಆದರೆ ಸಿಟಿ ಯಂತ್ರ ಕೊಡುವುದು ಅಂಕಿಗಳನ್ನು. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ 1000ದ ಆಸುಪಾಸು, ಕೆಲವೊಮ್ಮೆ ಇನ್ನೂ ಮೇಲೆ. ಮಿದುಳಿನ ಸಮಾಚಾರವೆಲ್ಲ ಇದರೊಳಗಿನ ಒಂದು ಸಣ್ಣ ಸಂದಿಯಲ್ಲಿ ಮುಗಿದುಹೋಗುತ್ತದೆ. ಬೂದು ಭಾಗಕ್ಕೂ ಬಿಳಿ ಭಾಗಕ್ಕೂ ಅಂತರ ಹತ್ತರ ಸುಮಾರು. ಹೊಸದಾಗಿ ಸೋರಿದ ರಕ್ತ 60ರ ಹತ್ತಿರ. ಆದ್ದರಿಂದ 0ಯನ್ನು ಕಪ್ಪು, 80ನ್ನು ಬಿಳಿ ಎಂದು ಇಟ್ಟುಕೊಂಡು ಫಿಲ್ಮಿಗೆ ಇಳಿಸುತ್ತಾರೆ. 80 ದಾಟಿದ್ದೆಲ್ಲ ಒಂದೇ ಬಿಳಿ. ಬುರುಡೆಯ ಕೂದಲೆಳೆಯ ಬಿರುಕು ಆ ಬಿಳಿಯೊಳಗೆ ಮುಚ್ಚಿಹೋಗಬಹುದು; ಅದು ಕಾಣಬೇಕಾದರೆ ಅದೇ ಅಂಕಿಗಳಿಗೆ ಬೇರೆ ಮಿತಿ ಹಾಕಿ ಇನ್ನೊಮ್ಮೆ ನೋಡಬೇಕು.

ಈ ಅಂಕಿಗಳಿಗೆ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರನ ಹೆಸರಿದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿ ಅವನ ಯಂತ್ರ ಮೊದಲ ಬಾರಿಗೆ ಒಬ್ಬ ರೋಗಿಯ ಮಿದುಳು ನೋಡಿತು. ಒಂದು ಹೋಳಿನಲ್ಲಿ ಅಡ್ಡ 80, ಉದ್ದ 80 ಚೌಕ. ಈಗ 512ಕ್ಕೆ 512, ಅಂಥ ಹೋಳುಗಳು ನೂರಾರು.

*

ಅಕ್ಕನ ಮಗ ಕೊಯಮತ್ತೂರಿನದೇ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ. ಪ್ರಾಜೆಕ್ಟು: ಕಂಪ್ಯೂಟರಿನಿಂದ ಮಿದುಳಿನ ಗಡ್ಡೆ ಪತ್ತೆ. ಶೇಕಡ 99 ಸರಿ ಉತ್ತರ ಬರುತ್ತದೆ ಎಂದ.

"ಚಿತ್ರ ಎಲ್ಲಿಂದ ತಂದೆಯೋ?"

"ನೆಟ್‌ನಲ್ಲಿ ಸಿಗುತ್ತೆ ಮಾವ. ಎಲ್ಲರೂ ಅದನ್ನೇ ತಗೊಳ್ಳೋದು."

"ಯಾರ ತಲೆ?"

ಹುಡುಕಿ ಹೇಳಿದ: ಚೀನಾದ ಗ್ವಾಂಗ್‌ಝೌ ಮತ್ತು ಟಿಯಾನ್‌ಜಿನ್ ಆಸ್ಪತ್ರೆಗಳದು. ಅವನ ಕಾಲೇಜಿನಿಂದ ಒಂದು ಬಸ್ ಸ್ಟಾಪಿನಾಚೆ ಎಂಆರ್‌ಐ ಇರುವ ಆಸ್ಪತ್ರೆ ಇದೆ.

ಲೆಕ್ಕ ಬರೆಯುವವನ ಚಾಳಿ, ಆ ಸಂಗ್ರಹದ ಅಂಕಿ ಕೇಳಿದೆ. ಚಿತ್ರ 3064, ರೋಗಿಗಳು 233. ಅಂದರೆ ತಲೆಗೆ ಸರಾಸರಿ 13 ಹೋಳು. ಚಿತ್ರಗಳನ್ನು ಕಲೆಸಿ ಒಂದಷ್ಟನ್ನು ಕಲಿಕೆಗೆ, ಉಳಿದದ್ದನ್ನು ಪರೀಕ್ಷೆಗೆ ಎಂದು ಹಂಚಿದರೆ ಒಂದೇ ಗಡ್ಡೆಯ ಐದನೇ ಹೋಳು ಇಲ್ಲಿ, ಆರನೇ ಹೋಳು ಅಲ್ಲಿ. ಕಂಪ್ಯೂಟರು ಗಡ್ಡೆಯನ್ನು ಗುರುತಿಸಿತೋ, ಆ ರೋಗಿಯನ್ನೋ? ಹೋಳುಗಳನ್ನಲ್ಲ, ರೋಗಿಗಳನ್ನು ಹಂಚಬೇಕು ಅಂತ ಗೊತ್ತಿದ್ದವರು ಹೇಳುತ್ತಾರೆ. ಹಾಗೆ ಮಾಡಿದರೆ 99 ಉಳಿಯುತ್ತದೆಯೇ ಎಂದೆ. "ಉಳಿಯೋಲ್ಲ ಮಾವ" ಎಂದು ನಕ್ಕ. ಹುಡುಗ ದಡ್ಡನಲ್ಲ.

ಪಕ್ಕದ ಆಸ್ಪತ್ರೆಯವರು ಏಕೆ ಕೊಡುವುದಿಲ್ಲ? ಹೆಸರು ಅಳಿಸಿ ಕೊಡಬಹುದಲ್ಲ ಅಂದುಕೊಂಡೆ. ಅಷ್ಟು ಸಾಲದಂತೆ. ತಲೆಯ ಎಂಆರ್‌ಐಯಲ್ಲಿ ಮೂಗು, ತುಟಿ, ಗಲ್ಲವೂ ಸಿಕ್ಕಿರುತ್ತವೆ. ಹೋಳುಗಳನ್ನು ಜೋಡಿಸಿದರೆ ಮುಖವೇ ಎದ್ದು ಬರುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2019ರಲ್ಲಿ ಪರೀಕ್ಷಿಸಿದಾಗ 84 ಜನರಲ್ಲಿ 70 ಮಂದಿಯ ಸ್ಕ್ಯಾನನ್ನು ಮುಖ ಗುರುತಿಸುವ ಸಾಫ್ಟ್‌ವೇರ್ ಅವರವರ ಫೋಟೋಗೆ ಸರಿಯಾಗಿ ಹೊಂದಿಸಿತು. ಹಾಗಾಗಿ ಹಂಚುವ ಮುಂಚೆ ಮುಖದ ಭಾಗವನ್ನೂ ಅಳಿಸಬೇಕು.

*

ಮಿದುಳನ್ನು ಅಳೆಯಲು ಕಂಪ್ಯೂಟರಿಗೆ ಒಂದು ಮಾದರಿ ಮಿದುಳು ಬೇಕು. ಬಂದ ತಲೆಯನ್ನು ಸರಿಸಿ, ತಿರುಗಿಸಿ, ಹಿಗ್ಗಿಸಿ, ಓರೆ ಮಾಡಿ ಆ ಮಾದರಿಯ ಮೇಲೆ ಕೂರಿಸುತ್ತಾರೆ, ಆಮೇಲೆ ಅಳತೆ. ಬಹುಕಾಲ ಆ ಮಾದರಿಯಾಗಿದ್ದದ್ದು 60 ವರ್ಷದ ಒಬ್ಬ ಫ್ರೆಂಚ್ ಹೆಂಗಸಿನ ಮಿದುಳು (1988ರ ತಲೈರಾಕ್ ನಕ್ಷೆ). ಬಳಿಕ ಕೆನಡಾದ ಮಾಂಟ್ರಿಯಲ್‌ನವರು 152 ಜನರ ಸರಾಸರಿ ತೆಗೆದರು. ಇವತ್ತಿಗೂ ಹೆಚ್ಚಾಗಿ ಓಡುವುದು ಅದೇ.

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಇರುವ ನನಗೆ ಇದು ಹೊಸದೇನಲ್ಲ. ಯುರೋಪಿನ ಬೈಯರ್ ಕಳಿಸಿದ ಸೈಜ್ ಚಾರ್ಟಿಗೆ ನಮ್ಮ ಕಟಿಂಗ್ ಮಾಸ್ಟರು ಕತ್ತರಿಸುತ್ತಾರೆ. ಅಲ್ಲಿಯ ಮೀಡಿಯಂ ಇಲ್ಲಿಯವರಿಗೆ ದೊಗಲೆ. ಹೈದರಾಬಾದಿನ ಐಐಐಟಿಯವರು 2019ರಲ್ಲಿ 50 ಗಂಡಸರು, 50 ಹೆಂಗಸರ ಎಂಆರ್‌ಐ ಸೇರಿಸಿ ಮಾದರಿ ಮಾಡಿದಾಗ ಭಾರತೀಯ ಮಿದುಳು ಎತ್ತರ, ಅಗಲ, ಗಾತ್ರದಲ್ಲಿ ತುಸು ಚಿಕ್ಕದೆಂದು ಕಂಡಿತು. ಬುದ್ಧಿಗೂ ಇದಕ್ಕೂ ತಳಕು ಹಾಕಬೇಡಿ, ಇದು ಅಳತೆಯ ಮಾತು. ಮಾದರಿ ದೊಡ್ಡದಾದರೆ ಆರೋಗ್ಯವಾಗಿರುವ ಮಿದುಳೂ ಸೊರಗಿದಂತೆ ತೋರಬಹುದು. ಮರುವರ್ಷ ಬೆಂಗಳೂರಿನ ನಿಮ್ಹಾನ್ಸ್‌ನವರೂ ಜೊತೆಗಾರರೂ 466 ಸ್ಕ್ಯಾನ್ ಕೂಡಿಸಿ, 6ರಿಂದ 60 ವರ್ಷದವರೆಗೆ ವಯೋಮಾನಕ್ಕೊಂದರಂತೆ ಐದು ಮಾದರಿ ಕೊಟ್ಟರು.

*

ಫಿಟ್ಸ್ ಬಂದ ಕೆಲವರ ಸ್ಕ್ಯಾನಿನಲ್ಲಿ ಒಂದು ಪುಟ್ಟ ಬಿಳಿ ಉಂಗುರ. ಒಂದು ಕಾಲಕ್ಕೆ ಇದನ್ನು ಕ್ಷಯದ ಗಂಟೆಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ಕೊಡುತ್ತಿದ್ದರು. ವೆಲ್ಲೂರಿನ ಸಿಎಂಸಿಯ ಚಾಂಡಿ, ರಾಜಶೇಖರ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟುಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಸಾಯುತ್ತಿದ್ದ ಲಾಡಿಹುಳುವಿನ ಮರಿಗಳು. ಅವರು ಹಾಕಿಕೊಟ್ಟ ಗುರುತುಗಳಲ್ಲಿ ಒಂದು: 20 ಮಿಲಿಮೀಟರಿನೊಳಗೆ ದುಂಡಗಿದ್ದರೆ ಹುಳು, ಅದಕ್ಕಿಂತ ದೊಡ್ಡದಾಗಿ ಅಂಚು ಅಂಕುಡೊಂಕಾಗಿದ್ದರೆ ಕ್ಷಯದ ಅನುಮಾನ. ಹುಳುವಿನ ಗಂಟು ಎಷ್ಟೋ ಸಲ ತಾನಾಗಿಯೇ ಕರಗುತ್ತದೆ.

ಅಳಿಯನ ಕಂಪ್ಯೂಟರಿಗೆ ಇದನ್ನು ತೋರಿಸಿದರೆ? ಅದು ಕಲಿತಿರುವುದು ಮೂರೇ ಗಡ್ಡೆ: ಗ್ಲಿಯೋಮಾ, ಮೆನಿಂಜಿಯೋಮಾ, ಪಿಟ್ಯುಟರಿ. ಹುಳು ಎಂಬ ಉತ್ತರವೇ ಅದರ ಬಳಿ ಇಲ್ಲ, ಗೊತ್ತಿಲ್ಲ ಎಂಬುದೂ ಇಲ್ಲ. ಮೂರರಲ್ಲಿ ಒಂದನ್ನು ಹೇಳಿಯೇ ತೀರುತ್ತದೆ, ಅದೂ ಧೈರ್ಯವಾಗಿ.

*

ಇಲ್ಲಿಯ ಸ್ಕ್ಯಾನ್‌ಗಳನ್ನೇ ಕೂಡಿಸುವುದು ನಮ್ಮಲ್ಲಿ ಆಗದ ಕೆಲಸವೇನಲ್ಲ. ಮುಂಬಯಿಯ ಕ್ಯೂರ್ ಡಾಟ್ ಎಐ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಒಟ್ಟುಮಾಡಿದ್ದು ಭಾರತದ್ದೇ 3,13,318 ತಲೆಯ ಸಿಟಿಗಳು. ಅದರ ಜೊತೆ 491 ಸ್ಕ್ಯಾನ್‌ಗಳನ್ನು ಎಲ್ಲರಿಗೂ ಸಿಗುವಂತೆ ಬಿಟ್ಟಿದ್ದಾರೆ. ಅಳಿಯನಿಗೆ ಹೇಳಿದ್ದೇನೆ.

ಓದುವವರಿಗೆ ಒಂದು ಮಾತು. ಸ್ಕ್ಯಾನ್ ಮಾಡಿಸಿದರೆ ಫಿಲ್ಮು, ವರದಿಯ ಜೊತೆಗೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ, ಜೋಪಾನ ಮಾಡಿ. ಅಂಕಿಗಳೆಲ್ಲ ಇರುವುದು ಅದರಲ್ಲಿ. ಮುಂದೆ ಇನ್ನೊಮ್ಮೆ ಸ್ಕ್ಯಾನ್ ಆದಾಗ ಡಾಕ್ಟರು ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ, ಗಂಟು ಬೆಳೆಯಿತೋ ಕರಗಿತೋ ಅಳೆದು ಹೇಳಬಹುದು. ಆಗ ನಿಮ್ಮ ತಲೆಯನ್ನು ಹೋಲಿಸುವುದು ಮಾಂಟ್ರಿಯಲ್‌ನವರ ಜೊತೆಗಲ್ಲ, ನಿಮ್ಮದೇ ಹಳೆಯ ತಲೆಯ ಜೊತೆ.