ಕೆಂಪು ಲೋಟ

ಶಿರಾ, 3 ಜೂನ್ 2024, ಸೋಮವಾರ

ತುಮಕೂರಿನಿಂದ ಮನೆ ಸೇರುವಷ್ಟರಲ್ಲಿ ಮೂರು ಗಂಟೆ. ಮಗಳ ಹಿಮೋಗ್ಲೋಬಿನ್ 9.8. ಬಸುರಿಗೆ 11ಕ್ಕಿಂತ ಕೆಳಗೆ ಇಳಿಯಬಾರದು. ಡಾಕ್ಟರಮ್ಮ ಬೈಯಲಿಲ್ಲ. "ಮಾತ್ರೆ ನುಂಗ್ತಿದೀಯೇನಮ್ಮ?" ಅಂತ ಕೇಳಿದರು, ಅಷ್ಟೆ. ಇವಳು ನೆಲ ನೋಡಿದಳು. ಓಕರಿಕೆ ಬರುತ್ತೆ ಅಂತ ಎರಡು ತಿಂಗಳಿಂದ ಡಬ್ಬಿಯ ಮುಚ್ಚಳವನ್ನೇ ತೆಗೆದಿಲ್ಲ.

ಅತ್ತೆಗೆ ಹೇಳಿದ್ದೇ ತಡ, "ರಕ್ತ ಕಮ್ಮಿ ಅಂದ್ರೆ ದಾಳಿಂಬೆ ರಸ. ಅದರಲ್ಲಿ ಕೇಳೋದೇನಿದೆ?" ಸಂಜೆ ಇವರು ಎರಡು ಕಿಲೋ ಹಣ್ಣು ತಂದರು, ಕಿಲೋಗೆ 220 ರೂಪಾಯಿ. ನಮ್ಮ ಸುತ್ತಮುತ್ತಲ ತೋಟಗಳಲ್ಲೇ ಬೆಳೆದರೂ ಬೆಲೆ ಮಾತ್ರ ಬೆಂಗಳೂರಿನದು. ಬಿಡಿಸಿ, ಮಿಕ್ಸಿಯಲ್ಲಿ ಒಂದೇ ಸುತ್ತು ತಿರುಗಿಸಿ (ಜಾಸ್ತಿ ತಿರುಗಿಸಿದರೆ ಬೀಜ ಅರೆದು ಒಗರಾಗುತ್ತದೆ), ಮಲ್ ಬಟ್ಟೆಯಲ್ಲಿ ಹಿಂಡಿದೆ. ಲೋಟ ಬೆಳಕಿಗೆ ಹಿಡಿದರೆ ರಕ್ತದ ಬಾಟಲಿಯೇ. ನೋಡಿದರೆ ಯಾರಿಗೂ ನಂಬಿಕೆ ಬರಬೇಕು.

6 ಜೂನ್, ಗುರುವಾರ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು ನಾನು. ಮೂರು ದಿನ ಕಣ್ಣು ಮುಚ್ಚಿಕೊಂಡು ಹಣ್ಣು ಹಿಂಡಿದೆ. ಇವತ್ತು ನಾಚಿಕೆಯಾಗಿ ಅಟ್ಟದ ಪೆಟ್ಟಿಗೆಯಿಂದ ಗೋಪಾಲನ್ ಅವರ ಪುಸ್ತಕ ಇಳಿಸಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯದು, ಭಾರತದ ಆಹಾರಗಳ ಪೋಷಕಾಂಶಗಳ ಕೋಷ್ಟಕ. ಬೆನ್ನು ಬಿಚ್ಚಿಕೊಂಡು ಪುಟಗಳು ಕೈಗೇ ಬರುತ್ತವೆ. ಅದರಲ್ಲಿ ದಾಳಿಂಬೆ ರಸದ ಲೆಕ್ಕ ಬೇರೆಯಾಗಿಲ್ಲ, ಹಾಗಾಗಿ ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕವನ್ನು ಫೋನಿನಲ್ಲಿ ನೋಡಿದೆ.

ನೂರು ಗ್ರಾಂ ದಾಳಿಂಬೆ ರಸದಲ್ಲಿ ಕಬ್ಬಿಣ 0.1 ಮಿಲಿಗ್ರಾಂ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ, 0.1 ಅಂತಲೇ ಇದೆ. ವಿಟಮಿನ್ ಸಿ ಕೂಡ ಅಷ್ಟೇ, 0.1. ಸಕ್ಕರೆ ಹನ್ನೆರಡೂವರೆ ಗ್ರಾಂ ದಾಟುತ್ತದೆ. ಆ ಕೆಂಪು ಆಂಥೊಸಯಾನಿನ್ ಎಂಬ ಬಣ್ಣ, ಕಬ್ಬಿಣಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂದರೆ ದೊಡ್ಡ ಲೋಟ ಕುಡಿಸಿದರೂ ಬರುವುದು 0.2 ಮಿಲಿಗ್ರಾಂ, ಬಸುರಿಗೆ ದಿನಕ್ಕೆ ಬೇಕಾದದ್ದು 27.

ಮಧ್ಯಾಹ್ನ ಸೊಪ್ಪಿನವಳು ಬಂದಳು. ಹರಿವೆ ಒಂದು ಕಟ್ಟು 15 ರೂಪಾಯಿ.

ಪೇಪರಿನಲ್ಲಿ ಇನ್ನೊಂದು ಸುದ್ದಿ: ಡಬ್ಬಿ ಜ್ಯೂಸಿನ ಮೇಲೆ "100% ಹಣ್ಣಿನ ರಸ" ಅಂತ ಇನ್ನು ಹಾಕುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿದೆ. ಗಟ್ಟಿ ಮಾಡಿದ ರಸಕ್ಕೆ ಮತ್ತೆ ನೀರು ಬೆರೆಸಿದ್ದನ್ನು ಪೂರ್ತಿ ಹಣ್ಣು ಅನ್ನುವುದು ಹೇಗೆ? ಅಳಿಯ ಕಳೆದ ವಾರ ತಂದ ನಾಲ್ಕು ಡಬ್ಬಿ ಫ್ರಿಜ್ಜಿನಲ್ಲಿ ಹಾಗೇ ಕೂತಿವೆ.

9 ಜೂನ್, ಭಾನುವಾರ

ಹರಿವೆ ಬಸ್ಸಾರು, ಮುದ್ದೆ. ಬಸಿದ ನೀರನ್ನು ಚೆಲ್ಲದೆ ಸಾರಿಗೇ ಬಳಸುವ ನಮ್ಮೂರ ಅಡುಗೆಯನ್ನು ಯಾವ ಪುಣ್ಯಾತ್ಗಿತ್ತಿ ಕಂಡುಹಿಡಿದಳೋ! ಬೇಯಿಸಿದ ನೀರಿಗೆ ಇಳಿದದ್ದರಲ್ಲಿ ಒಂದಷ್ಟಾದರೂ ತಟ್ಟೆಗೆ ವಾಪಸ್ಸು ಬರುತ್ತದೆ. ಆದರೆ ವಿಟಮಿನ್ ಸಿ ಬಿಸಿಗೆ ನಿಲ್ಲುವುದಿಲ್ಲ. ಅದಕ್ಕೇ ಪಲ್ಯಕ್ಕೆ ತಟ್ಟೆಯಲ್ಲೇ ಅರ್ಧ ನಿಂಬೆಹಣ್ಣು ಹಿಂಡಿದೆ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಬೇಕಾದರೆ ಹುಳಿ ಬೇಕು. ಊಟವಾದ ಕೂಡಲೇ ಟೀ ಕೇಳಿದಳು. ಒಂದು ಗಂಟೆ ತಡಿ ಅಂದೆ. ಟೀಯ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. "ಅಮ್ಮ, ನೀನು ಇನ್ನೂ ರಿಟೈರ್ ಆಗಿಲ್ಲ" ಅಂದಳು.

ಸೊಪ್ಪಿನ ಪಕ್ಷ ವಹಿಸಿದವಳಿಗೆ ರಾತ್ರಿ ಸಣ್ಣ ಪೆಟ್ಟು ಬಿತ್ತು. ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದು ನೂರು ಗ್ರಾಂ ಹರಿವೆಗೆ 25.5 ಮಿಲಿಗ್ರಾಂ ಕಬ್ಬಿಣ ಅಂತ. 1989ರಲ್ಲಿ ಆ ಕೋಷ್ಟಕವನ್ನು ಪರಿಷ್ಕರಿಸಿದಾಗ ಅದೇ ಹರಿವೆ 3.49ಕ್ಕೆ ಇಳಿದಿದೆ. ಎಲೆಗೆ ಅಂಟಿದ್ದ ಮಣ್ಣಿನ ಕಬ್ಬಿಣವನ್ನೂ ಹಳೆಯ ಲೆಕ್ಕ ಸೇರಿಸಿಕೊಂಡಿತ್ತೇನೋ. ಎಷ್ಟು ಮಕ್ಕಳು ಪರೀಕ್ಷೆಯಲ್ಲಿ 25.5 ಬರೆದು ನನ್ನಿಂದ ಪೂರ್ತಿ ಅಂಕ ತಗೊಂಡು ಹೋದರೋ. ಅದರಲ್ಲೂ ಇರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ಅತಿ ಕಡಿಮೆ ಪಾಲು. ಹಾಗೆ ನೋಡಿದರೂ 3.49ರ ಮುಂದೆ 0.1 ಲೆಕ್ಕಕ್ಕಿಲ್ಲ. ಸುಣ್ಣದ ಅಂಶ, ನಾರು, ಫೋಲೇಟ್, ಎಲ್ಲದರಲ್ಲೂ ಸೊಪ್ಪೇ ಮುಂದು. ಅದೂ ಹದಿನೈದು ರೂಪಾಯಿಗೆ.

ಆದರೆ ಸರ್ಕಾರದ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಇದೆ. ರಸವೋ ಸೊಪ್ಪೋ ಅಂತ ನಾನೂ ಅತ್ತೆಯೂ ಹಗ್ಗ ಜಗ್ಗುವ ಹೊತ್ತಿಗೆ ಮಾತ್ರೆ ಮರೆತು ಹೋಗಬಾರದು. ರಾತ್ರಿ ಮಲಗುವಾಗ ಕೊಟ್ಟು ನೋಡಿದೆ, ಓಕರಿಕೆ ಅಷ್ಟಿಲ್ಲ. ಕ್ಯಾಲ್ಸಿಯಂ ಮಾತ್ರೆ ಬೆಳಗ್ಗೆಗೆ ಹಾಕಿದೆ. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ.

18 ಜೂನ್, ಮಂಗಳವಾರ

ಸಕ್ಕರೆ ಪರೀಕ್ಷೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಕೂರಿಸಿದರು. ಫಲಿತಾಂಶ 138. 140 ಮುಟ್ಟಿದ್ದರೆ ಗರ್ಭಿಣಿಯರ ಸಕ್ಕರೆ ಕಾಯಿಲೆ ಅಂತ ಚೀಟಿಯಲ್ಲಿ ಬರೆಯುತ್ತಿದ್ದರು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ: ಒಂದು ಲೋಟ ರಸಕ್ಕೆ ಸುಮಾರು 25 ಗ್ರಾಂ ಸಕ್ಕರೆ, ಚಮಚದಲ್ಲಿ ಐದಾರು. ಅತ್ತೆ ನನ್ನ ಕಣ್ಣು ತಪ್ಪಿಸಿ ಮಧ್ಯಾಹ್ನವೂ ಒಂದು ಲೋಟ ಕೊಡುತ್ತಿದ್ದರಂತೆ. ಮನೆಯಲ್ಲೇ ಹಿಂಡಿದ ರಸದ ಸಕ್ಕರೆಯೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಬೆರೆಸಿದ ಸಕ್ಕರೆಯ ಸಾಲಿಗೇ ಸೇರುತ್ತದೆ. ಕಾಳಿನ ಒಳಗಿರುವಾಗ ಅದೇ ಸಕ್ಕರೆ ನಾರಿನ ಜೊತೆ ನಿಧಾನವಾಗಿ ಇಳಿಯುತ್ತಿತ್ತು. ನಾನು ನಾರನ್ನೆಲ್ಲ ಬಟ್ಟೆಯಲ್ಲಿ ಹಿಂಡಿ, ಚರಟವನ್ನು ಕರಿಬೇವಿನ ಬುಡಕ್ಕೆ ಸುರಿದಿದ್ದೇನೆ.

ರಾತ್ರಿ ಅತ್ತೆಗೆ ಹೇಳಿದೆ, ಸ್ವಲ್ಪ ಜೋರಾಗಿಯೇ. "ನಾಳೆಯಿಂದ ರಸ ಬೇಡ ಅತ್ತೆ. ಅದರಲ್ಲಿ ರಕ್ತ ಆಗೋದು ಏನೂ ಇಲ್ಲ." ಅವರು ಉತ್ತರ ಕೊಡಲಿಲ್ಲ. ಎಲೆಯಡಿಕೆ ಚೀಲ ಬಿಚ್ಚಿದರು, ಮತ್ತೆ ಕಟ್ಟಿದರು.

20 ಜೂನ್, ಗುರುವಾರ

ಬೆಳಗ್ಗೆ ಸೊಪ್ಪು ಬಿಡಿಸುತ್ತಾ ಅತ್ತೆ ತಾವಾಗಿಯೇ ಬಾಯಿ ಬಿಟ್ಟರು. ಮೊದಲ ಬಸುರಿನಲ್ಲಿ ಅವರಿಗೆ ದಾಳಿಂಬೆ ಬಯಕೆಯಾಗಿತ್ತಂತೆ. ಇಡೀ ಊರಿಗೆ ಒಂದೇ ಗಿಡ, ಗೌಡರ ಹಿತ್ತಲಲ್ಲಿ. ಕೇಳೋಕೆ ಮಾವನವರಿಗೆ ಮರ್ಯಾದೆ ಅಡ್ಡ ಬಂತು. "ಆ ಮಗು ಉಳೀಲಿಲ್ಲ ಕಣಮ್ಮ. ಬಯಕೆ ತೀರದೆ ಹೋಯ್ತು ಅಂತ ನಮ್ಮವ್ವ ಸಾಯೋವರ್ಗೂ ಅಂತಿದ್ಲು. ಸೊಪ್ಪಿಗೇನು, ಹೊಲದ ತುಂಬ ಇತ್ತು. ಒಂಬತ್ತು ಹೆತ್ತೆ, ಒಂಬತ್ತಕ್ಕೂ ಸೊಪ್ಪೇ ತಿಂದೆ."

ಮೂವತ್ತೈದು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೇವೆ. ಈ ಮಾತು ನನ್ನ ಕಿವಿಗೆ ಬಿದ್ದದ್ದು ಇವತ್ತು.

ಮಗಳೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಮೂರನೇ ತಿಂಗಳಲ್ಲಿ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದಾಗ ಬೆಂಗಳೂರಿನಲ್ಲಿ ಅವಳಿಗೆ ದಕ್ಕಿದ್ದು ದಾಳಿಂಬೆ ರಸ ಒಂದೇ ಅಂತೆ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

13 ಜುಲೈ, ಶನಿವಾರ

10.7. ಇನ್ನೂ 11 ಮುಟ್ಟಿಲ್ಲ, ಆದರೆ ಏರಿದೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಡಾಕ್ಟರಮ್ಮ ಅದನ್ನೇ ಮುಂದುವರಿಸಿ ಅಂದರು.

ಬರುವಾಗ ಮೂರು ದಾಳಿಂಬೆ ತಂದೆ. ಎರಡನ್ನು ಬಿಡಿಸಿ ಕಾಳು ಬಟ್ಟಲಿಗೆ ಹಾಕಿ ಮಗಳ ಮುಂದಿಟ್ಟೆ. ಮೂರನೆಯದನ್ನು ಮಿಕ್ಸಿಗೆ ಹಾಕಿ ಅರ್ಧ ಲೋಟ ಹಿಂಡಿದೆ. ಬಟ್ಟೆಯ ಹಳೇ ಕಲೆ ಇನ್ನೂ ಹೋಗಿಲ್ಲ.

"ಬೇಡ ಅಂದಿದ್ದೆಯಲ್ಲ, ಇದು ಯಾರಿಗೆ?" ಅಂದರು ಅತ್ತೆ.

"ಹಲ್ಲಿಲ್ಲದವರಿಗೆ" ಅಂದೆ.

ಎರಡೂ ಕೈಯಲ್ಲಿ ಲೋಟ ಹಿಡಿದು, ಒಂದು ಗುಟುಕು ಕುಡಿದು, ಸ್ವಲ್ಪ ಉಪ್ಪು ಕೊಡು ಅಂದರು.