ಅನ್ನದೊಳಗಿನ ಅಳತೆ

ಉಣ್ಣುವ ಅನ್ನದ ವಿಷಯದಲ್ಲಿ ನಮ್ಮ ಹಿರಿಯರು ವಹಿಸಿದ ಎಚ್ಚರ ಅಸಾಧಾರಣವಾದುದು. ಅಕ್ಕಿಯನ್ನು ಆರಿಸದೆ ಎಸರಿಗೆ ಹಾಕುತ್ತಿರಲಿಲ್ಲ. ಬೇಳೆಯನ್ನು ಕೇರದೆ ಒಲೆಯ ಬಳಿಗೆ ತರುತ್ತಿರಲಿಲ್ಲ. ನಾವು ಮಠದಲ್ಲಿ ವಿದ್ಯಾರ್ಥಿಗಳಾಗಿದ್ದ ದಿನಗಳಲ್ಲಿ ಉಗ್ರಾಣಕ್ಕೆ ಬಂದ ಪ್ರತಿಯೊಂದು ಚೀಲವನ್ನೂ ಬಿಚ್ಚಿ, ಹಿಡಿ ಧಾನ್ಯವನ್ನು ಅಂಗೈಯಲ್ಲಿಟ್ಟು ನೋಡಿ, ಮೂಸಿ, ಅನಂತರವೇ ಕಣಜಕ್ಕೆ ಸುರಿಯಬೇಕೆಂಬ ಕಟ್ಟಳೆಯಿತ್ತು. ಪದಾರ್ಥ ಶುದ್ಧವಾಗಿದ್ದರೆ ಮಾತ್ರ ಅದು ಪ್ರಸಾದವಾಗಲು ಯೋಗ್ಯವೆಂಬ ಭಾವನೆ ಆ ಕಟ್ಟಳೆಯ ಹಿಂದಿತ್ತು. ಆದರೆ ಆ ಕಾಲದ ದೋಷಗಳು ಕಲ್ಲು, ಹುಳು, ಮುಗ್ಗಲು; ಕಣ್ಣಿಗೂ ಮೂಗಿಗೂ ಸಿಕ್ಕುವಂಥವು. ಇಂದು ಅನ್ನದೊಳಗೆ ಸೇರುವ ರಾಸಾಯನಿಕ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಅದನ್ನು ಕಂಡುಹಿಡಿಯಲು ಪ್ರಯೋಗಾಲಯವೇ ಬೇಕು.

ಪ್ರವಚನಕ್ಕೆಂದು, ಶುಭಕಾರ್ಯಗಳಿಗೆಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆ ಹೋದಾಗಲೆಲ್ಲ ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: "ಗುರುಗಳೇ, ಎಲ್ಲಾದ್ರಾಗೂ ವಿಷ ಐತಿ ಅಂತಾರೆ. ಹಂಗಾದ್ರೆ ಮಕ್ಕಳಿಗೆ ಏನು ಉಣ್ಣಾಕೆ ಇಡಬೇಕು?" ಇದಕ್ಕೆ ಎರಡು ಬಗೆಯ ಉತ್ತರಗಳು ಪ್ರಚಾರದಲ್ಲಿವೆ. ರಾಸಾಯನಿಕವೆಂದರೆ ಎಲ್ಲವೂ ವಿಷ, ನಿಸರ್ಗದತ್ತವಾದುದೆಲ್ಲ ಅಮೃತ ಎಂಬುದು ಒಂದು. ತಾತ ಮುತ್ತಾತಂದಿರು ತಿಂದು ಬದುಕಲಿಲ್ಲವೇ, ಸುಮ್ಮನೆ ಉಣ್ಣಿ ಎಂಬುದು ಇನ್ನೊಂದು. ಈ ಎರಡೂ ಶಾಸ್ತ್ರಸಮ್ಮತವಲ್ಲವೆಂಬುದನ್ನು ಸಮಾಜಬಾಂಧವರು ಮನಗಾಣಬೇಕಾಗಿದೆ.

ವಿಷಶಾಸ್ತ್ರದ ಮೂಲಸೂತ್ರ ಒಂದೇ: ಯಾವುದು ವಿಷ, ಯಾವುದಲ್ಲ ಎಂಬುದನ್ನು ಪ್ರಮಾಣ ನಿರ್ಧರಿಸುತ್ತದೆ. ಯೂರೋಪಿನ ವೈದ್ಯ ಪ್ಯಾರಸೆಲ್ಸಸ್ ಹದಿನಾರನೆಯ ಶತಮಾನದಲ್ಲಿಯೇ ಇದನ್ನು ಹೇಳಿದ. ಅಡಿಗೆಗೆ ರುಚಿ ಕೊಡುವ ಉಪ್ಪು ಮಿತಿಮೀರಿದರೆ ರಕ್ತದೊತ್ತಡಕ್ಕೆ ಕಾರಣವಾಗುವುದನ್ನು ನಾವೆಲ್ಲರೂ ಬಲ್ಲೆವು. ಆಧುನಿಕ ಸಂಶೋಧಕರು ಈ ಸೂತ್ರವನ್ನು ಲೆಕ್ಕಕ್ಕೆ ಇಳಿಸಿದ್ದಾರೆ. ಒಂದು ಪದಾರ್ಥವನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಪ್ರಾಣಿಗಳಿಗೆ ದೀರ್ಘಕಾಲ ತಿನ್ನಿಸಿ, ಯಾವ ಪ್ರಮಾಣದವರೆಗೆ ಯಾವ ಬಾಧೆಯೂ ಕಾಣಿಸಲಿಲ್ಲವೋ ಅದನ್ನು ಗುರುತಿಸುತ್ತಾರೆ. ಪ್ರಾಣಿಗಿಂತ ಮನುಷ್ಯ ಸೂಕ್ಷ್ಮನಾಗಿರಬಹುದೆಂದು ಅದನ್ನು ಹತ್ತರಿಂದ ಭಾಗಿಸುತ್ತಾರೆ. ಮನುಷ್ಯರಲ್ಲಿಯೂ ಮಕ್ಕಳು, ವೃದ್ಧರು, ರೋಗಿಗಳು ಇರುವರೆಂದು ಮತ್ತೆ ಹತ್ತರಿಂದ ಭಾಗಿಸುತ್ತಾರೆ. ಹೀಗೆ ಉಳಿಯುವ ನೂರನೆಯ ಒಂದು ಭಾಗವೇ ಜೀವಮಾನವಿಡೀ ದಿನಂಪ್ರತಿ ಸೇವಿಸಬಹುದಾದ ಮಿತಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ನೇಮಿಸಿದ ತಜ್ಞರ ಸಮಿತಿ 1956ರಿಂದ ಇಂಥ ಮಿತಿಗಳನ್ನು ಪರಿಶೀಲಿಸಿ ಪ್ರಕಟಿಸುತ್ತ ಬಂದಿದೆ. ಆಹಾರವನ್ನು ಪ್ರಯೋಗಾಲಯದಲ್ಲಿಟ್ಟು ನೋಡುವ ವಿದ್ಯೆಗೆ ನಮ್ಮ ನಾಡಿನಲ್ಲಿಯೂ ನೆಲೆಯುಂಟು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಕನ್ನಡಿಗರೆಲ್ಲ ಹೆಮ್ಮೆಪಡಬೇಕಾದ ಸಂಸ್ಥೆ.

ಟಾರ್ಟ್ರಜಿನ್ ಎಂಬ ಹಳದಿ ಬಣ್ಣವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಈ ತಜ್ಞರ ಸಮಿತಿ 2016ರಲ್ಲಿ ನಿಗದಿಪಡಿಸಿದಂತೆ ಅದರ ದಿನದ ಮಿತಿ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 10 ಮಿಲಿಗ್ರಾಂ. 20 ಕಿಲೋ ತೂಕದ ಮಗುವಿಗೆ ಅದು 200 ಮಿಲಿಗ್ರಾಂ ಆಯಿತು. ನಮ್ಮ ದೇಶದ ಕಾನೂನು ಸಿಹಿತಿಂಡಿಗಳೇ ಮೊದಲಾದ ಗೊತ್ತುಪಡಿಸಿದ ತಿನಿಸುಗಳಲ್ಲಿ ಮಾತ್ರ, ಕಿಲೋ ಒಂದಕ್ಕೆ 100 ಮಿಲಿಗ್ರಾಂ ಮೀರದಂತೆ ಬಣ್ಣ ಹಾಕಲು ಒಪ್ಪಿಗೆ ಕೊಟ್ಟಿದೆ. ಆ ನಿಯಮ ಪಾಲಿಸಿದ ಲಾಡುವನ್ನು ಮಗು 2 ಕಿಲೋ ತಿಂದರೆ ಮಾತ್ರ ಮಿತಿಯನ್ನು ಮುಟ್ಟೀತು. ಆದರೆ ಅಡಿಗೆಯವನು ಅಳೆಯದೆ ಸುರಿದು, ಕಿಲೋ ಒಂದಕ್ಕೆ 2 ಗ್ರಾಂ ಬಿದ್ದರೆ, ಅದೇ ಮಗು 100 ಗ್ರಾಂ ತಿನ್ನುವಷ್ಟರಲ್ಲಿ ಮಿತಿ ಮುಟ್ಟಿರುತ್ತದೆ. ಬಣ್ಣದ ಹೆಸರು ಬದಲಾಗಲಿಲ್ಲ, ಕೈಯ ಅಳತೆ ಬದಲಾಯಿತು.

ನ್ಯಾಮತಿಯ ಕಡೆಯ ಒಂದು ಜಾತ್ರೆಯ ದಾಸೋಹದಲ್ಲಿ ಬೂಂದಿ ಕರಿಯುತ್ತಿದ್ದ ಅಡಿಗೆಯವರನ್ನು ನಾವು ಮಾತನಾಡಿಸಿದೆವು. ಹಿಟ್ಟಿನ ಕೊಳಗಕ್ಕೆ ಅವರು ಬಣ್ಣದ ಪುಡಿಯನ್ನು ಚಿಟಿಕೆಯಲ್ಲಿ ಉದುರಿಸುತ್ತಿದ್ದರು. ಎಷ್ಟು ಹಾಕುವಿರೆಂದು ಕೇಳಿದೆವು. "ಕಣ್ಣಂದಾಜು ಗುರುಗಳೇ. ಬಣ್ಣ ಬರೋ ತನಕ" ಎಂದರು. ಪೊಟ್ಟಣವನ್ನು ತರಿಸಿ ನೋಡಿದರೆ ಅದರ ಮೇಲೆ ತಯಾರಕರ ಹೆಸರಿಲ್ಲ, ಪರವಾನಗಿ ಸಂಖ್ಯೆಯಿಲ್ಲ. ಬಣ್ಣವಿಲ್ಲದೆ ಮಾಡಲಾಗದೇ ಎಂದುದಕ್ಕೆ ಅವರು ನಕ್ಕು, "ಬಿಳುಪಾದ್ರೆ ಭಕ್ತರೇ ಬೈತಾರೆ" ಎಂದರು. ಆ ಮಾತಿನಲ್ಲಿ ಸತ್ಯವಿತ್ತು. ಬಣ್ಣವನ್ನು ಬೇಡಿದವರು ಉಣ್ಣುವವರೇ.

ಕರ್ನಾಟಕ ಸರ್ಕಾರ 2024ರ ಮಾರ್ಚಿಯಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನೂ ಬೊಂಬಾಯಿ ಮಿಠಾಯಿಗೆ ರೋಡಮಿನ್-ಬಿ ಬೆರೆಸುವುದನ್ನೂ ನಿಷೇಧಿಸಿದುದು ವಾಚಕರಿಗೆ ನೆನಪಿರಬಹುದು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107, ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತವೆಂದು ಅಂದು ಕಂಡುಬಂದವು. ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಟಾರ್ಟ್ರಜಿನ್ ಕೆಲವು ತಿನಿಸುಗಳಿಗೆ ಒಪ್ಪಿಗೆಯಾದ ಬಣ್ಣ, ಗೋಬಿಗೆ ಒಪ್ಪಿಗೆಯಿಲ್ಲ. ರೋಡಮಿನ್-ಬಿ ಬಟ್ಟೆ, ಕಾಗದಗಳಿಗೆ ಹಾಕುವ ಬಣ್ಣ. ಯಾವ ತಿನಿಸಿಗೂ, ಎಷ್ಟು ಅಲ್ಪವಾಗಿಯೂ ಒಪ್ಪಿಗೆಯಿಲ್ಲ. ಹೆಸರಿಲ್ಲದ ಪೊಟ್ಟಣದಲ್ಲಿ ಇವೆರಡರಲ್ಲಿ ಯಾವುದಿದೆಯೆಂದು ಬಲ್ಲವರಾರು?

ಒಮ್ಮೆ ಕೊಟ್ಟ ಒಪ್ಪಿಗೆ ಶಾಶ್ವತವೂ ಅಲ್ಲ. ಬ್ರೆಡ್ಡಿನ ಹಿಟ್ಟಿಗೆ ಸೇರಿಸಲು ಅವಕಾಶವಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು 2016ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಎಂಡೋಸಲ್ಫಾನ್ ಕೀಟನಾಶಕವೂ ಒಂದು ಕಾಲಕ್ಕೆ ಕಾನೂನಿನ ಒಪ್ಪಿಗೆ ಪಡೆದದ್ದೇ. ಕಾಸರಗೋಡಿನ ಗೇರುತೋಟಗಳ ಸುತ್ತಲಿನ, ದಕ್ಷಿಣ ಕನ್ನಡದ ಕೊಕ್ಕಡದ ಜನರ ಸಂಕಟವನ್ನು ನಾಡೆಲ್ಲ ಕಂಡ ಮೇಲೆ 2011ರಲ್ಲಿ ಮೊದಲು ನಮ್ಮ ರಾಜ್ಯ, ಅನಂತರ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆದವು. ಹೊಸ ಪುರಾವೆ ಬಂದಾಗ ಹಳೆಯ ತೀರ್ಮಾನವನ್ನು ತಿದ್ದಿಕೊಳ್ಳುವುದು ಸಂಶೋಧನೆಯ ಧರ್ಮ. ಆದುದರಿಂದಲೇ ಇಂದು ಒಪ್ಪಿಗೆಯಿರುವ ಔಷಧವನ್ನೂ ಹೇಳಿದಷ್ಟೇ, ಹೇಳಿದಂತೆಯೇ ಬಳಸಬೇಕು.

ಹೊನ್ನಾಳಿಯ ಸಮೀಪ ತುಂಗಭದ್ರೆಯ ದಂಡೆಯಲ್ಲಿ ತರಕಾರಿ ಬೆಳೆಯುವ ತರುಣರೊಬ್ಬರು ತಮ್ಮ ಹೊಲವನ್ನು ನಮಗೆ ತೋರಿಸಿದರು. ಬದುವಿನ ಬದಿಯಲ್ಲಿ ನಾಲ್ಕು ಸಾಲು ಬದನೆಗಿಡಗಳು ಬೇರೆಯಾಗಿ ನಿಂತಿದ್ದವು. ಎಲೆಗಳಲ್ಲಿ ಅಲ್ಲಲ್ಲಿ ಹುಳು ಕಡಿದ ತೂತುಗಳು. "ಇವು ಮನೀಗೆ ಗುರುಗಳೇ, ಇದಕ್ಕೆ ಔಷಧಿ ಹೊಡೆಯಾದಿಲ್ಲ. ಅವು ಸಂತೀಗೆ" ಎಂದರು. ಅವರು ದುಷ್ಟರಲ್ಲ, ಸಾಲದಲ್ಲಿ ಬೆಳೆ ತೆಗೆದವರು. ಆದರೂ ನಾವು ಕೇಳದಿರಲಾಗಲಿಲ್ಲ: "ಅಪ್ಪಾ, ಸಂತೆಯಲ್ಲಿ ಕೊಳ್ಳುವ ತಾಯಿಗೂ ಮನೆಯಲ್ಲಿ ಮಕ್ಕಳಿಲ್ಲವೇ?" ಔಷಧದ ಡಬ್ಬಿಯ ಮೇಲೆ, ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕೊಯ್ಯಬೇಕೆಂಬುದು ಅಚ್ಚಾಗಿರುತ್ತದೆ. ಆ ಅವಧಿಯಲ್ಲಿ ಬಿಸಿಲು, ಗಾಳಿ, ಗಿಡದ ಬೆಳವಣಿಗೆಗಳಿಂದ ಔಷಧದ ಅಂಶ ಕರಗಿ ನಿಯಮದ ಮಿತಿಗೆ ಇಳಿಯಬೇಕೆಂಬುದು ಲೆಕ್ಕಾಚಾರ. ಸೋಮವಾರ ಸಿಂಪಡಿಸಿ ಬುಧವಾರದ ಸಂತೆಗೆ ಕೊಯ್ದರೆ ಆ ಲೆಕ್ಕವೆಲ್ಲ ವ್ಯರ್ಥ. ತನಗೆ ಬೇಡವಾದುದನ್ನು ಪರರಿಗೆ ನೀಡುವ ದುಡಿಮೆಯನ್ನು ಕಾಯಕವೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಇಷ್ಟಾದರೆ, ಕಾರ್ಖಾನೆಯಿಂದ ಬಂದುದೇ ವಿಷ, ಭೂಮಿಯಿಂದ ಬಂದುದು ಪವಿತ್ರ ಎಂದು ತೀರ್ಮಾನಿಸಬಹುದೇ? ಜಗಳೂರು ಸೀಮೆ ಆ ತೀರ್ಮಾನಕ್ಕೆ ಅವಕಾಶ ಕೊಡುವುದಿಲ್ಲ. ಅಲ್ಲಿನ ಅನೇಕ ಹಳ್ಳಿಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಅದನ್ನು ಯಾರೂ ಬೆರೆಸಲಿಲ್ಲ. ಬಂಡೆಯಿಂದ ಕರಗಿ ನೀರಿಗಿಳಿದದ್ದು. ನಮ್ಮ ದೇಶದ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಲೇಸು. ಬೇರೆ ನೀರು ಸಿಗದಿದ್ದಾಗ 1.5ರವರೆಗೆ ಸಹಿಸಬಹುದು. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತದೆ. ಮಿತಿ ಮೀರಿದರೆ ಹಲ್ಲು ಮೂಡುವ ವಯಸ್ಸಿನ ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆ ಮೂಡಿಸುತ್ತದೆ. ಇನ್ನೂ ಹೆಚ್ಚಾಗಿ ವರ್ಷಾನುಗಟ್ಟಲೆ ಸೇರಿದರೆ ಮೂಳೆಕೀಲುಗಳನ್ನು ಬಿಗಿಯುತ್ತದೆ. ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ವೈದ್ಯರು 1937ರಲ್ಲಿಯೇ ವರ್ಣಿಸಿದ್ದರು.

ಜಗಳೂರಿನ ಒಂದು ಹಳ್ಳಿಯಲ್ಲಿ ಪೂಜೆಗೆ ಬಂದಿದ್ದ ಹಿರಿಯರೊಬ್ಬರಿಗೆ ಬಾಗಿ ನಮಿಸಲು ಸಾಧ್ಯವಾಗಲಿಲ್ಲ. ಬೆನ್ನು ಮರದ ಹಲಗೆಯಂತಾಗಿತ್ತು. ಅವರ ಮನೆಯಲ್ಲಿ ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು ಇತ್ತು. ಆದರೆ ಬೇಳೆ ಬೇಯಿಸಲು, ಅನ್ನದ ಎಸರಿಗೆ, ಮುದ್ದೆಗೆ ಕೊಳವೆಬಾವಿಯ ನೀರು. "ಕುದಿಸ್ತೀವಲ್ಲ ಗುರುಗಳೇ" ಎಂದರು ಆ ಮನೆಯ ಸೊಸೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಅಡಿಗೆಗೂ ಶುದ್ಧ ನೀರನ್ನೇ ಬಳಸುವುದು, ಮಕ್ಕಳಿಗೆ ಹಾಲು, ಮೊಸರು, ರಾಗಿಗಳ ಮೂಲಕ ಸುಣ್ಣದಂಶ ಸಾಕಷ್ಟು ದೊರೆಯುವಂತೆ ನೋಡುವುದು ಇದಕ್ಕೆ ಪರಿಹಾರ. ತುಂಗಭದ್ರೆಯ ನೀರಿನಿಂದ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆಯನ್ನು ಕೇವಲ ಬೆಳೆಯ ದೃಷ್ಟಿಯಿಂದ ನೋಡಬಾರದು; ಆ ಸೀಮೆಯ ಮಕ್ಕಳ ಮೂಳೆಯ ದೃಷ್ಟಿಯಿಂದಲೂ ನೋಡಬೇಕು.

ಇನ್ನು ಚನ್ನಗಿರಿಯ ಮಾತು. ಇದನ್ನು ಹೇಳುವುದು ಕಷ್ಟ, ಹೇಳದಿರುವುದು ಅಧರ್ಮ. ಅಡಿಕೆ ಆ ಸೀಮೆಯ ಅನ್ನ. ಮಕ್ಕಳ ವಿದ್ಯೆ, ಹೆಣ್ಣುಮಕ್ಕಳ ಮದುವೆ, ಮಠಮಾನ್ಯಗಳ ಕಟ್ಟಡ, ಎಲ್ಲಕ್ಕೂ ಅಡಿಕೆಯ ಹಣ ಸಂದಿದೆ. ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಬೆರೆತ ತಾಂಬೂಲವನ್ನು ಮಾತ್ರ ಕ್ಯಾನ್ಸರ್‌ಕಾರಕವೆಂದಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿ ತಂಬಾಕಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. "ತಂಬಾಕು ಮಾಡಿದ ಪಾಪಾನ ಅಡಿಕೆ ತಲೀಗೆ ಕಟ್ತಾರೆ ಗುರುಗಳೇ" ಎಂದು ಬೆಳೆಗಾರರೊಬ್ಬರು ನಮ್ಮೊಡನೆ ನೊಂದು ನುಡಿದರು. ಅವರ ನೋವು ನಮ್ಮದೂ ಹೌದು. ಆದರೆ ತೈವಾನಿನಲ್ಲಿ ತಾಂಬೂಲಕ್ಕೆ ತಂಬಾಕು ಹಾಕುವ ರೂಢಿಯಿಲ್ಲ. ಅಲ್ಲಿಯೂ ಅಡಿಕೆ ಅಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವುದು ಆ ತೀರ್ಮಾನಕ್ಕೆ ಮುಖ್ಯ ಆಧಾರಗಳಲ್ಲೊಂದು. ಅಡಿಕೆಯಲ್ಲಿನ ಅರಿಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರಿನಂಶವನ್ನು ಬೆಳೆಸಿ, ಬಾಯಿ ತೆರೆಯಲಾಗದಂತೆ ಮಾಡುವ ರೋಗಕ್ಕೆ ದಾರಿ ಮಾಡುತ್ತದೆ.

ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ಒಂದು ಹೋಳು ಬಾಯಿಗಿಟ್ಟವರೆಲ್ಲ ರೋಗಿಗಳಾಗುವರೆಂದು ಅರ್ಥವಲ್ಲ. ಆ ಪಟ್ಟಿ ಪುರಾವೆಯ ಬಲವನ್ನು ಹೇಳುತ್ತದೆ, ಅಪಾಯದ ಪ್ರಮಾಣವನ್ನಲ್ಲ. ದಿನಕ್ಕೆ ಹೆಚ್ಚು ಸಲ, ಹೆಚ್ಚು ವರ್ಷ ಅಗಿದಂತೆ ಅಪಾಯ ಏರುತ್ತದೆ. ಆದರೆ ಬಣ್ಣಕ್ಕೆ ಇರುವಂತೆ 'ಇಷ್ಟರವರೆಗೆ ಬಾಧಕವಿಲ್ಲ' ಎಂಬ ಮಿತಿಯನ್ನು ಅಡಿಕೆಗೆ ಯಾರೂ ನಿಗದಿ ಮಾಡಿಲ್ಲ. ಬೆಳೆಗಾರರು ಹೊಸ ಸಂಶೋಧನೆ ಬೇಕೆಂದು ಕೇಳುವುದು ನ್ಯಾಯವೇ. ಅದು ಹೇಳುವುದನ್ನು, ನಮಗೆ ಪ್ರಿಯವಾಗಲಿ ಆಗದಿರಲಿ, ಕೇಳುವ ಮನಸ್ಸೂ ಬೇಕು. ಗೋಬಿಯ ಬಣ್ಣಕ್ಕೆ ಪ್ರಯೋಗಾಲಯದ ಮಾತನ್ನು ನಂಬಿ, ನಮ್ಮ ತೋಟದ ಫಲಕ್ಕೆ ಅದೇ ಪ್ರಯೋಗಾಲಯದ ಮಾತನ್ನು ಅಲ್ಲಗಳೆಯುವುದು ಸರಿಯಲ್ಲ. ನಾವಂತೂ ಯಾರ ಮನೆಯಲ್ಲಿ ತಾಂಬೂಲವಿತ್ತರೂ ಗೌರವದಿಂದ ಸ್ವೀಕರಿಸಿ ಕೈಯಲ್ಲಿ ಹಿಡಿದುಕೊಳ್ಳುತ್ತೇವೆ, ಬಾಯಿಗೆ ಹಾಕಿಕೊಳ್ಳುವುದಿಲ್ಲ. ಅದರಿಂದ ಯಾವ ಮನೆಯ ಮರ್ಯಾದೆಗೂ ಕುಂದು ಬಂದಿಲ್ಲ.

ಗೃಹಸ್ಥರು ಇಷ್ಟನ್ನು ಮಾಡಬಹುದು. ದಾಸೋಹದ, ಮದುವೆಯ ಅಡಿಗೆಗೆ ಬಣ್ಣ ಬೇಡವೆಂದು ಮೊದಲೇ ಹೇಳಿರಿ. ಅರಿಶಿನ, ಕೇಸರಿಗಳು ಕೊಟ್ಟಷ್ಟು ಬಣ್ಣ ಸಾಕು. ಹೆಸರು, ಪರವಾನಗಿಗಳಿಲ್ಲದ ಪೊಟ್ಟಣವನ್ನು ಒಳಗೆ ಬಿಡಬೇಡಿರಿ. ಸಿಂಪಡಿಸಿದ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ, ಅವಧಿ ಮುಗಿಯದೆ ಕೊಯ್ಯಬೇಡಿರಿ. ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ. ಮಕ್ಕಳ ಕೈಗೆ ಅಡಿಕೆಪುಡಿಯ ಚೀಟಿ ಸಿಗದಿರಲಿ; ಬಾಯಿ ಮೊದಲಿನಷ್ಟು ತೆರೆಯದಿದ್ದರೆ, ಖಾರ ತಾಗಿದೊಡನೆ ಉರಿದರೆ, ತಡಮಾಡದೆ ದಾವಣಗೆರೆಯ ದಂತ ವೈದ್ಯ ಕಾಲೇಜುಗಳಲ್ಲಿ ತೋರಿಸಿರಿ.

ಅಕ್ಕಿಯನ್ನು ಆರಿಸುವ ಕಣ್ಣನ್ನು ಹಿರಿಯರು ನಮಗೆ ಬಿಟ್ಟುಹೋಗಿದ್ದಾರೆ. ಅಳತೆಯನ್ನು ಕೇಳುವ ಬುದ್ಧಿಯನ್ನು ನಾವು ಮುಂದಿನವರಿಗೆ ಬಿಟ್ಟುಹೋಗೋಣ. ಎಲ್ಲರ ಮನೆಯ ಅನ್ನವೂ ನಿರ್ಮಲವಾಗಿರಲಿ ಎಂದು ಹಾರೈಸುತ್ತೇವೆ.