ತಿರುಚಿಕೊಳ್ಳುವ ಸರಳು

ಚಕ್ರ ಏರಿಳಿದಾಗಿನ ಹೊಡೆತವನ್ನು ಉಕ್ಕಿನ ಸರಳೊಂದು ತಾನೇ ತಿರುಚಿಕೊಂಡು ಹೀರಿ, ಮರುಕ್ಷಣ ಮೊದಲಿನ ಸ್ಥಿತಿಗೆ ಮರಳಿ ಚಕ್ರವನ್ನು ನೆಲಕ್ಕೆ ಒತ್ತಿಹಿಡಿಯುವ ವ್ಯವಸ್ಥೆಯೇ ಟಾರ್ಷನ್ ಬಾರ್ ಸಸ್ಪೆನ್ಷನ್. ವಾಹನ ವಿನ್ಯಾಸಕ ಫರ್ಡಿನಾಂಡ್ ಪೋರ್ಷೆ 1931ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ ಈ ಬಗೆಯ ವಿನ್ಯಾಸ ಜನಸಾಮಾನ್ಯರ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ಹೊತ್ತಿತು. ಅದೇ ತತ್ತ್ವ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸುಮಾರು 45 ಟನ್ ತೂಕದ ಪ್ಯಾಂಥರ್ ಟ್ಯಾಂಕನ್ನೂ ಹೊತ್ತಿತು ಎಂಬುದು ನಿಜಕ್ಕೂ ಬೆರಗಿನ ಸಂಗತಿ. ಆದರೆ ಭಾರ ಹಂಚಲೆಂದು ಪ್ಯಾಂಥರ್ ಮತ್ತು ಟೈಗರ್ ಟ್ಯಾಂಕುಗಳ ಚಕ್ರಗಳನ್ನು ಒಂದರ ಮೇಲೊಂದು ಚಾಚುವಂತೆ ಸಾಲುಸಾಲಾಗಿ ಹೆಣೆದದ್ದರಿಂದ, ರಷ್ಯಾದ ಚಳಿಯಲ್ಲಿ ನಡುವಿನ ಕೆಸರು ಹೆಪ್ಪುಗಟ್ಟಿ ಚಕ್ರಗಳು ಕಚ್ಚಿಕೊಳ್ಳುತ್ತಿದ್ದವು. ಒಳಸಾಲಿನ ಒಂದು ಚಕ್ರ ಬದಲಿಸಲು ಹೊರಗಿನ ಹಲವನ್ನು ಬಿಚ್ಚಬೇಕಾಗಿತ್ತು. ವಿನ್ಯಾಸದ ಸೊಗಸನ್ನು ಅಳೆಯುವಾಗ ದುರಸ್ತಿಗಾರರ ಈ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಯುದ್ಧಾನಂತರದ ಜರ್ಮನ್ ಲೆಪರ್ಡ್ ಟ್ಯಾಂಕ್ ತಿರುಚು ಸರಳನ್ನು ಉಳಿಸಿಕೊಂಡು, ಹೆಣೆದ ಚಕ್ರಗಳನ್ನು ಕೈಬಿಟ್ಟಿತು.